ಹಡ್ಲು ಬಿದ್ದ ಗದ್ದೆಯಲ್ಲಿ ದನದ ಹೆಜ್ಜೆ

(ಸಕಲೇಶಪುರದಲ್ಲಿ ಬೆಳೆಗಾರರು ಮತ್ತು ರೈತರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಈ ಗೋಣಿಚೀಲದಲ್ಲಿ ಒಂದು ಬೇರು ತಂದಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಇದು ಯಾವ ಕಾಯಿಲೆಗೆ ಔಷಧಿ ಎಂದು ಕೇಳಿದರು. ಔಷಧಿಯಲ್ಲ, ಇದೊಂದು ಹೊನ್ನೆ ಗಿಡ. ಆಲೂರಿನ ಕಡೆ ಗೋಮಾಳದ ಅಂಚಿನಲ್ಲಿ ರಸ್ತೆ ಅಗಲ ಮಾಡುವಾಗ ಜೆಸಿಬಿ ಕಿತ್ತು ಎಸೆದಿತ್ತು. ಮಣ್ಣಿನ ಮೇಲೆ ಇದ್ದದ್ದು ಒಂದು ಗೇಣು, ಅದರಲ್ಲಿ ಐದಾರು ಎಲೆ. ಈಗ ಬುಡ ನೋಡಿ. ನನ್ನ ಮಣಿಕಟ್ಟಿನಷ್ಟು ದಪ್ಪ, ತುಂಬ ಗಂಟುಗಳು. ಒಂದೊಂದು ಗಂಟೂ ಒಂದೊಂದು ಸಲ ಕಾಂಡ ತುಂಡಾದ ಗುರುತು. ಎಣಿಸಲು ಕುಳಿತೆ. ಹನ್ನೊಂದರವರೆಗೆ ಲೆಕ್ಕ ಸಿಕ್ಕಿತು. ಆಮೇಲೆ ಗಂಟಿನ ಮೇಲೆ ಗಂಟು ಕುಳಿತು ಲೆಕ್ಕ ತಪ್ಪಿತು.

ನೋಡುವವರಿಗೆ ಇದು ಹೋದ ಮಳೆಗಾಲದ ಸಸಿ. ವಯಸ್ಸಿನಲ್ಲಿ ಇಲ್ಲಿರುವ ಕೆಲವು ಹುಡುಗರಿಗಿಂತ ದೊಡ್ಡದಿದ್ದರೂ ಇರಬಹುದು. ಮಳೆಗಾಲಕ್ಕೆ ಚಿಗುರುತ್ತದೆ, ದೀಪಾವಳಿಯ ಹೊತ್ತಿಗೆ ದನದ ಬಾಯಿಗೆ ಹೋಗುತ್ತದೆ, ಉಳಿದದ್ದನ್ನು ಬೇಸಿಗೆಯ ಬೆಂಕಿ ಮುಗಿಸುತ್ತದೆ. ಗಿಡ ಸಾಯುವುದಿಲ್ಲ. ಕೆಳಗೆ ಬೇರು ದಪ್ಪವಾಗುತ್ತಾ ಕಾಯುತ್ತದೆ. ಹೊನ್ನೆಯ ಸೊಪ್ಪು ದನಕ್ಕೆ ಬಹಳ ರುಚಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಗೋಮಾಳವನ್ನು ಮರವಿಲ್ಲದ ಬೋಳು ನೆಲ ಎಂದು ಕಾಗದದಲ್ಲಿ ಬರೆದಿರುತ್ತಾರೆ. ನನ್ನ ಕಣ್ಣಿಗೆ ಅದು ನೆಲದೊಳಗೆ ತಲೆಮರೆಸಿಕೊಂಡಿರುವ ಕಾಡು. ಇಂಥ ಜಾಗದಲ್ಲಿ ಮೂರು ಮಳೆಗಾಲ ದನವನ್ನೂ ಬೆಂಕಿಯನ್ನೂ ತಡೆದರೆ ಸಾಕು, ಯಾರೂ ನೆಡದ ಗಿಡಗಳು ಆಳೆತ್ತರಕ್ಕೆ ಏಳುತ್ತವೆ. ಊರಿನವರು ಆಗ ಅರಣ್ಯ ಇಲಾಖೆ ಚೆನ್ನಾಗಿ ನೆಟ್ಟಿದೆ ಎನ್ನುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಉಪನ್ಯಾಸ ಸುಲಭವಿತ್ತು: ದನ ಹೊರಗೆ, ಕಾಡು ಒಳಗೆ. ಹಲವು ವರ್ಷ ನಾನೂ ಹಾಗೆಯೇ ಹೇಳಿಕೊಂಡು ತಿರುಗಿದ್ದೇನೆ. ಆದರೆ ನೀವು ನನ್ನನ್ನು ಕರೆದದ್ದು ಗೋಮಾಳದ ಬಗ್ಗೆ ಮಾತನಾಡಲು ಅಲ್ಲ, ಬಿಟ್ಟುಹೋದ ಗದ್ದೆಗಳ ಬಗ್ಗೆ. ಗದ್ದೆಯ ಕಥೆ ಬೇರೆ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಗಳಲ್ಲಿ ಗದ್ದೆ ಏಕೆ ಹಡ್ಲು ಬೀಳುತ್ತಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾಟಿಗೆ ಆಳಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಂದು ವರ್ಷ ಬಿಟ್ಟರಾಯಿತು ಎಂದು ಬಿಟ್ಟದ್ದು ಹತ್ತು ವರ್ಷವಾಗಿರುತ್ತದೆ. ಆ ಗದ್ದೆಯನ್ನು ಅಗೆದು ನೋಡಿ, ಇಂಥ ಹೊನ್ನೆ ಬೇರು ಒಂದೂ ಸಿಗುವುದಿಲ್ಲ. ನೂರಾರು ವರ್ಷ ಉತ್ತು, ಕೆಸರು ತುಳಿಸಿ, ಕಳೆ ಕಿತ್ತ ನೆಲ ಅದು. ನೇಗಿಲು ಬೇರನ್ನು ಉಳಿಸುವುದಿಲ್ಲ. ಕಾಡಿನ ಮರಗಳ ಬೀಜವೂ ಭತ್ತದ ಕೆಸರಿನಲ್ಲಿ ವರ್ಷಗಟ್ಟಲೆ ಕಾದು ಕೂರುವ ಜಾತಿಯಲ್ಲ, ಹೆಚ್ಚಿನವು ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಬೇಕು, ಇಲ್ಲವೇ ಸಾಯಬೇಕು. ಜೊತೆಗೆ ನೇಗಿಲಿನ ಅಡಿಯಲ್ಲಿ ನೀರು ಇಂಗದಂತೆ ನಮ್ಮ ಹಿರಿಯರೇ ಜಾಣತನದಿಂದ ಕಟ್ಟಿಕೊಂಡ ಒಂದು ಗಟ್ಟಿ ಪದರವಿದೆ. ಭತ್ತಕ್ಕೆ ಅದು ವರ, ಮರದ ಬೇರಿಗೆ ಕಲ್ಲುಗೋಡೆ.

ಹೀಗಾಗಿ ಗದ್ದೆಗೆ ಕಾಡು ಬರಬೇಕಾದರೆ ಹೊರಗಿನಿಂದಲೇ ಬರಬೇಕು. ಬೀಜವನ್ನು ಯಾರಾದರೂ ಹೊತ್ತು ತರಬೇಕು. ಹೊತ್ತು ತರುವವರಲ್ಲಿ ದನವೂ ಒಂದು, ಬಂದ ಸಸಿಯನ್ನು ತಿನ್ನುವವರಲ್ಲೂ ದನ ಒಂದು. ನನ್ನ ಇವತ್ತಿನ ಮಾತೆಲ್ಲ ಈ ಎರಡರ ನಡುವೆ ಇದೆ.

ಮೊದಲು ತಿನ್ನುವ ವಿಷಯ. ಹುಲ್ಲಿನ ಜೀವ ಬುಡದಲ್ಲಿದೆ, ಗಿಡದ ಜೀವ ತುದಿಯಲ್ಲಿದೆ. ಗರಿಕೆಯನ್ನು ನೂರು ಸಲ ಕಚ್ಚಿದರೂ ಅದು ಬೆಳೆಯುವ ಭಾಗ ನೆಲಕ್ಕೆ ಅಂಟಿಕೊಂಡು ಕ್ಷೇಮವಾಗಿರುತ್ತದೆ. ನೇರಳೆ ಸಸಿಯ ಕುಡಿಯನ್ನು ಒಂದು ಸಲ ಕಚ್ಚಿದರೆ ಆ ವರ್ಷದ ದುಡಿಮೆ ಹೋಯಿತು. ಆದ್ದರಿಂದ ಮೇಯುವ ಬಾಯಿ ಎಲ್ಲಿ ಹೆಚ್ಚೋ ಅಲ್ಲಿ ಹುಲ್ಲು ಗೆಲ್ಲುತ್ತದೆ, ದನಕ್ಕೆ ಗಿಡದ ಮೇಲೆ ದ್ವೇಷವೇನೂ ಇರಬೇಕಾಗಿಲ್ಲ. ಬಾಯಿಗಳಲ್ಲೂ ವ್ಯತ್ಯಾಸವಿದೆ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ನಾಲಿಗೆಯನ್ನು ಹುಲ್ಲಿಗೆ ಸುತ್ತಿ ಎಳೆದು ಹರಿಯುತ್ತದೆ, ನೆಲಕ್ಕೆ ಅಂಟಿದ್ದು ಅದಕ್ಕೆ ಸಿಗುವುದಿಲ್ಲ. ಕುರಿಗೂ ಮೇಲ್ಹಲ್ಲಿಲ್ಲ, ಆದರೆ ಸೀಳುತುಟಿ ಇರುವುದರಿಂದ ಬೋಳಿಸಿದಂತೆ ಮೇಯುತ್ತದೆ. ಆಡು ಹುಲ್ಲಿಗಿಂತ ಸೊಪ್ಪು ಹುಡುಕುತ್ತದೆ, ಹಿಂಗಾಲಿನ ಮೇಲೆ ನಿಂತು ಎತ್ತರದ ಕೊಂಬೆಯನ್ನೂ ಬಗ್ಗಿಸುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವಲ್ಲ, ಅದೂ ಪೂರ್ತಿ ನಿಜವಲ್ಲ, ಆಡುಸೋಗೆಯ ಪೊದೆಯ ಪಕ್ಕ ಆಡು ಕಟ್ಟಿ ನೋಡಿ.

ಬಾಯಿಗಿಂತ ಕೆಲವೊಮ್ಮೆ ಕಾಲು ಹೆಚ್ಚು ಹಾಳು ಮಾಡುತ್ತದೆ. ಒಂದು ದನದ ತೂಕವೆಲ್ಲ ನಾಲ್ಕು ಸಣ್ಣ ಗೊರಸಿನ ಮೇಲೆ ನಿಲ್ಲುತ್ತದೆ. ಅಂಗುಲಕ್ಕೆ ಅಂಗುಲ ಲೆಕ್ಕ ಹಾಕಿದರೆ ಆ ಒತ್ತಡ ಟ್ರ್ಯಾಕ್ಟರ್ ಚಕ್ರದ್ದಕ್ಕಿಂತ ಹೆಚ್ಚು. ಒಣ ನೆಲದಲ್ಲಿ ಅದು ಗೊತ್ತಾಗುವುದಿಲ್ಲ. ಜುಲೈ ತಿಂಗಳ ಒದ್ದೆ ಗದ್ದೆಯಲ್ಲಿ ಪ್ರತಿ ಹೆಜ್ಜೆಯೂ ಮೇಲಿನ ನಾಲ್ಕಾರು ಅಂಗುಲ ಮಣ್ಣನ್ನು ಒತ್ತಿ ಉಸಿರು ಕಟ್ಟಿಸುತ್ತದೆ. ಕೆಳಗೆ ನೇಗಿಲಿನ ಗಟ್ಟಿ ಪದರ, ಮೇಲೆ ಗೊರಸಿನ ಗಟ್ಟಿ ಪದರ. ನಡುವೆ ಸಿಕ್ಕ ಸಸಿಯ ಬೇರು ಎಲ್ಲಿಗೆ ಹೋಗಬೇಕು? ನಮ್ಮ ಮಲೆನಾಡು ಗಿಡ್ಡ ನೂರು ಕಿಲೋ ಆಸುಪಾಸಿನ ಹಗುರ ತಳಿ. ಈಗ ಕೊಟ್ಟಿಗೆಗೆ ಬಂದಿರುವ ಮಿಶ್ರತಳಿ ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ.

ಈಗ ನಾನು ಬಹಳ ದಿನ ಗಮನಿಸದೇ ಹೋದ ಒಂದು ಸಂಗತಿ. ಹಣ್ಣು ತಿಂದ ಹಕ್ಕಿ ಬಯಲಿನ ನಡುವೆ ಇಳಿದು ಹಿಕ್ಕೆ ಹಾಕುವುದಿಲ್ಲ. ಪಿಕಳಾರವಾಗಲಿ ಮಂಗಟ್ಟೆಯಾಗಲಿ ಕೊಂಬೆಯ ಮೇಲೆ ಕುಳಿತು ಬೀಜ ಉದುರಿಸುತ್ತವೆ. ಹಾಗಾಗಿ ಹಡ್ಲು ಗದ್ದೆಯಲ್ಲಿ ಮೊದಲ ಸಸಿಗಳು ಏಳುವುದು ಬದುವಿನ ಮೇಲೆ ಉಳಿದ ಅತ್ತಿಯೋ ಬಸರಿಯೋ ಇರುವ ಕಡೆ, ಅದರ ಕೊಂಬೆಯ ಕೆಳಗೆ. ಸಂಪಿಗೆ, ನೇರಳೆ, ದಾಲ್ಚಿನ್ನಿ ಎಲ್ಲವೂ ಹಾಗೆ ಬಂದ ನೆಂಟರು. ಆದರೆ ಮಧ್ಯಾಹ್ನದ ಬಿಸಿಲಿಗೆ ದನ ಮಲಗಿ ಮೆಲುಕು ಹಾಕುವುದೂ ಅದೇ ಮರದ ಕೆಳಗೆ! ಎರಡು ಎಕರೆ ಗದ್ದೆಯಲ್ಲಿ ಬೀಜ ಬೀಳುವುದು ಎರಡು ಗುಂಟೆಯಲ್ಲಿ, ದನ ದಿನಕ್ಕೆ ನಾಲ್ಕು ಗಂಟೆ ಮಲಗುವುದೂ ಅದೇ ಎರಡು ಗುಂಟೆಯಲ್ಲಿ. ಮೇವಿನ ಲೆಕ್ಕದಲ್ಲಿ ಆ ಗದ್ದೆಗೆ ಎರಡು ದನ ಏನೇನೂ ಹೆಚ್ಚಲ್ಲ. ನೆರಳಿನ ಲೆಕ್ಕದಲ್ಲಿ ಅದೇ ಎರಡು ದನ ಸಾಕು, ಕಾಡು ಹತ್ತು ವರ್ಷ ಹಿಂದೆ ಬೀಳುತ್ತದೆ. ಎಕರೆಗೆ ಎಷ್ಟು ದನ ಎಂದು ಕೇಳುವವರು ಮಧ್ಯಾಹ್ನ ಒಂದು ಗಂಟೆಗೆ ಗದ್ದೆಗೆ ಹೋಗಿ ನಿಲ್ಲಬೇಕು.

ದನ ತರುವ ಬೀಜದ ಮಾತಿಗೆ ಬರುತ್ತೇನೆ. ದನ ದಿನಕ್ಕೆ ಹತ್ತು ಹನ್ನೆರಡು ಸಲ ಸಗಣಿ ಹಾಕುತ್ತದೆ. ನುಂಗಿದ ಗಟ್ಟಿ ಬೀಜ ಹೊರಬರಲು ಎರಡು ಮೂರು ದಿನ ಹಿಡಿಯುತ್ತದೆ, ಅಷ್ಟರಲ್ಲಿ ದನ ಊರೆಲ್ಲ ಸುತ್ತಿರುತ್ತದೆ. ಒಂದು ವರ್ಷ ಮೇ ತಿಂಗಳಲ್ಲಿ ಬಿದ್ದ ಒಣ ಸಗಣಿಗಳ ಪಕ್ಕ ಕಡ್ಡಿ ನೆಟ್ಟು ಗುರುತು ಮಾಡಿ, ಮಳೆ ಹಿಡಿದ ಮೇಲೆ ಹೋಗಿ ನೋಡಿದೆ. ಕರಟಿದ ರೊಟ್ಟಿಯಂತಿದ್ದ ಒಂದು ಸಗಣಿಯಲ್ಲಿ ಬೆರಳುದ್ದದ ಸೀಬೆ ಸಸಿಗಳು ರಾಗಿ ಪೈರಿನಂತೆ ಒತ್ತಾಗಿ ಎದ್ದಿದ್ದವು. ಇನ್ನೊಂದರಲ್ಲಿ ಮಳೆಮರ. ಬಯಲುಸೀಮೆಯ ಕಡೆ ಜಾಲಿ ಹೀಗೆಯೇ ಹೊಲಕ್ಕೆ ಬರುತ್ತದೆ. ಅಂದರೆ ದನವೂ ಕಾಡು ನೆಡುತ್ತದೆ, ಆದರೆ ಅದು ಸೀಬೆ ಕಾಡು, ಜಾಲಿ ಕಾಡು. ರಾಳದೂಪ, ಹೆಬ್ಬಲಸು ಬರಬೇಕಾದರೆ ಮಂಗಟ್ಟೆ, ಬಾವಲಿ, ಪುನುಗು ಬೆಕ್ಕುಗಳೇ ಬೇಕು. ಅವು ಬರಬೇಕಾದರೆ ಹತ್ತಿರದಲ್ಲಿ ಹಳೆಯ ಕಾಡೋ ದೇವರಕಾಡೋ ಮರಗಳಿರುವ ಕಾಫಿ ತೋಟವೋ ಇರಬೇಕು. ನಮ್ಮ ತೋಟಗಳ ನೆರಳುಮರ ಕಡಿದು ಸಿಲ್ವರ್ ಓಕ್ ಹಾಕಿದ ಮೇಲೆ ಪಕ್ಕದ ಹಡ್ಲಿಗೆ ಬೀಜ ಎಲ್ಲಿಂದ ಬರಬೇಕು ಎಂಬುದನ್ನೂ ಯೋಚಿಸಬೇಕು. ಸಿಲ್ವರ್ ಓಕ್ ಬೀಜ ಗಾಳಿಯಲ್ಲಿ ಹಾರುತ್ತದೆ, ಯಾವ ಹಕ್ಕಿಗೂ ಹಣ್ಣು ಕೊಡುವುದಿಲ್ಲ. ಇದು ಇವತ್ತಿನ ವಿಷಯವಲ್ಲ, ಬಿಡಿ.

ದನ ಮುಟ್ಟದ ಗಿಡಗಳ ಕಡೆ ನೋಡಿದರೆ ನಮ್ಮ ಜಿಲ್ಲೆಯ ಅರ್ಧ ಭೂದೃಶ್ಯ ಅರ್ಥವಾಗುತ್ತದೆ. ಇಲ್ಲಿ 2000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದೇ ಜಿಲ್ಲೆಯ ಅರಸೀಕೆರೆಯಲ್ಲಿ 700ರ ಆಸುಪಾಸು. ಅಲ್ಲಿ ಬೀಳು ಬಿಟ್ಟ ರಾಗಿ ಹೊಲದಲ್ಲಿ ಏಳುವುದು ತಂಗಡಿ, ಬಂದರೆ ಗಿಡ, ಎಕ್ಕ. ಮೂರನ್ನೂ ದನ ಮೂಸಿ ಬಿಡುತ್ತದೆ. ಮುತ್ತುಗವೂ ಬದುಕುವುದು ಅದೇ ಕಾರಣಕ್ಕೆ. ಗೋಮಾಳಗಳಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದದ್ದಕ್ಕೆ ಒಂದು ಕಾರಣ ದನ ಅವನ್ನು ತಿನ್ನುವುದಿಲ್ಲ, ಬೇಲಿಯ ಖರ್ಚು ಉಳಿಯುತ್ತದೆ ಎಂಬುದು. ಇಲಾಖೆಯ ಪಟ್ಟಿಯನ್ನು ತಯಾರಿಸಿದ್ದು ಅಧಿಕಾರಿಗಳಾದರೂ ಆಯ್ಕೆ ದನದ್ದೇ ಎಂದು ನಾನು ತಮಾಷೆಗೆ ಹೇಳುವುದುಂಟು. ಇನ್ನು ಲಂಟಾನ. 1800ರ ದಶಕದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಹೂವಿನ ಚಂದಕ್ಕೆ ಬಂದ ಗಿಡ, ಇಂದು ಮೇಯಿಸಿ ಬೋಳಾದ ನೆಲವೆಲ್ಲ ಅದರದ್ದು. ತಿಂದ ದನಕ್ಕೆ ಪಿತ್ತಜನಕಾಂಗ (ಲಿವರ್) ಕೆಟ್ಟು ಬಿಸಿಲಿಗೆ ಮೈ ಸುಲಿಯುತ್ತದೆ, ಅದಕ್ಕೇ ಅನುಭವಸ್ಥ ದನ ಅದರ ಹತ್ತಿರ ಸುಳಿಯುವುದಿಲ್ಲ. ಸುತ್ತಲಿನ ಹುಲ್ಲನ್ನೂ ಸಸಿಯನ್ನೂ ತಿಂದು, ಲಂಟಾನಕ್ಕೆ ಜಾಗ ಬಿಡಿಸಿಕೊಡುತ್ತದೆ.

ಆದರೆ ಮುಳ್ಳಿನ ಪೊದೆಗಳೆಲ್ಲ ಶತ್ರುಗಳಲ್ಲ. ಕವಳಿ ಹಣ್ಣು ಕೀಳಲು ಪೊದೆಗೆ ಕೈ ಹಾಕಿದವರು ಒಳಗೆ ಇಣುಕಿ ನೋಡಿರುತ್ತೀರಿ. ದನ ಮೇಯುವ ಬಯಲಿನಲ್ಲಿ ಒಂದೇ ಒಂದು ಮರದ ಸಸಿ ನೆಟ್ಟಗೆ ನಿಂತಿದ್ದರೆ ಅದು ಕವಳಿಯ ಹೊಟ್ಟೆಯಲ್ಲಿ ನಿಂತಿರುತ್ತದೆ. ಹಕ್ಕಿ ಕವಳಿ ಹಣ್ಣು ತಿನ್ನಲು ಕೂರುತ್ತದೆ, ಬೇರೆ ಬೀಜ ಉದುರಿಸುತ್ತದೆ, ಮುಳ್ಳು ಕಾಯುತ್ತದೆ, ಗಿಡ ದನದ ಬಾಯಿಯ ಎತ್ತರ ದಾಟಿ ಮರವಾಗುತ್ತದೆ. ಆಮೇಲೆ ಅದರ ನೆರಳಿಗೆ ಕವಳಿ ಸೊರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಹೊಲವೇ ಎದ್ದು ಬೇಲಿಯನ್ನು ಮೇಯುತ್ತದೆ. ಹಡ್ಲು ಸ್ವಚ್ಛ ಮಾಡುತ್ತೇನೆಂದು ಮೊದಲ ಕೆಲಸವಾಗಿ ಕವಳಿ, ಕಾರೆ ಪೊದೆಗಳನ್ನು ಕಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನನ್ನ ಸ್ವಂತ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯ ಹಿಂದಿನ ಅರ್ಧ ಎಕರೆ ಹಡ್ಲಿಗೆ ನಾನು ಸುತ್ತಲೂ ತಂತಿ ಬೇಲಿ ಹಾಕಿಸಿದೆ. ದನದ ಗೊರಸು ಕೂಡ ಬೀಳಬಾರದು ಎಂದು ಹಟ. ಮೊದಲ ವರ್ಷ ಹುಲ್ಲು ಮೊಣಕಾಲಿಗೆ, ಎರಡನೆಯ ವರ್ಷ ಸೊಂಟಕ್ಕೆ, ಮೂರನೆಯ ವರ್ಷ ನನ್ನ ಎದೆಗೆ ಬಂತು. ಕೆಳಗೆ ಬಗ್ಗಿ ನೋಡಿದರೆ ಸಸಿಗಳಿದ್ದವು, ಆದರೆ ಬಿಳಿಚಿಕೊಂಡು ಕಡ್ಡಿಯಂತೆ ನಿಂತಿದ್ದವು, ಬೆಳಕು ಅವಕ್ಕೆ ತಲುಪುತ್ತಿರಲಿಲ್ಲ. ಮಾರ್ಚ್‌ನಲ್ಲಿ ರಸ್ತೆಯ ಕಡೆಯಿಂದ ಕಿಡಿ ಬಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಬೇಲಿಯ ಆಚೆ ದನ ಮೇಯ್ದ ನೆಲಕ್ಕೆ ಬೆಂಕಿ ಹರಿಯಲೇ ಇಲ್ಲ, ಸುಡಲು ಅಲ್ಲಿ ಏನಿತ್ತು? ಕರಿಬೂದಿಯ ಮಧ್ಯೆ ನಾನು ಕಟ್ಟಿಸಿದ ಕಲ್ಲುಕಂಬಗಳು ಮಾತ್ರ ಹೊಚ್ಚ ಹೊಸದಾಗಿ ನಿಂತಿದ್ದವು.

ಕೋಸ್ಟರಿಕಾ ದೇಶದ ಗ್ವಾನಕಾಸ್ಟೆಯಲ್ಲಿ ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿತಿದ್ದಾರೆ. 1980ರ ದಶಕದಿಂದ ಡೇನಿಯಲ್ ಜಾನ್ಜೆನ್ ಎಂಬ ಪರಿಸರ ವಿಜ್ಞಾನಿಯ ಮುಂದಾಳತನದಲ್ಲಿ ಹಳೆಯ ದನದ ಹುಲ್ಲುಗಾವಲುಗಳನ್ನು ಮತ್ತೆ ಕಾಡಾಗಿಸುವ ಕೆಲಸ ಅಲ್ಲಿ ನಡೆದಿದೆ. ಮೇವಿಗೆಂದು ಆಫ್ರಿಕಾದಿಂದ ತಂದ ಜರಾಗ್ವಾ ಎಂಬ ಹುಲ್ಲು ಆಳೆತ್ತರ ಬೆಳೆದು ಪ್ರತಿ ಬೇಸಿಗೆಯೂ ಹೊತ್ತಿಕೊಳ್ಳುತ್ತಿತ್ತು. ದನವನ್ನು ಏಕಾಏಕಿ ಓಡಿಸಿದರೆ ಹುಲ್ಲಿಗೆ ಹಬ್ಬ, ಬೆಂಕಿಗೆ ಇನ್ನೂ ದೊಡ್ಡ ಹಬ್ಬ. ಆದ್ದರಿಂದ ಬೆಂಕಿ ತಡೆಯುವುದನ್ನೇ ಮೊದಲ ಕೆಲಸ ಮಾಡಿಕೊಂಡು, ಕೆಲವು ಕಡೆ ಹುಲ್ಲನ್ನು ತಗ್ಗಿಸಲು ದನವನ್ನೇ ಬಳಸಿದರು. ಗಿಡಗಳ ನೆರಳು ಹುಲ್ಲನ್ನು ಹಿಡಿತಕ್ಕೆ ತಂದ ಮೇಲೆ ದನಕ್ಕೆ ಕೆಲಸವಿರಲಿಲ್ಲ.

ನಮ್ಮ ದೇಶದಲ್ಲೇ ರಾಜಸ್ಥಾನದ ಭರತಪುರ ಇದೆ. ಅದು ಕಾಡಲ್ಲ, ಹಕ್ಕಿಗಳ ಜೌಗು. 1982ರಲ್ಲಿ ಅಲ್ಲಿ ಎಮ್ಮೆ, ದನ ಮೇಯಿಸುವುದನ್ನು ನಿಷೇಧಿಸಿದಾಗ ಊರಿನವರ ಪ್ರತಿಭಟನೆ ನಡೆದು ಗೋಲಿಬಾರಿನಲ್ಲಿ ಜನ ಸತ್ತರು. ಎಮ್ಮೆಗಳು ಹೋದ ಮೇಲೆ ನೀರಿನ ಮೇಲೆಲ್ಲ ಹುಲ್ಲು ಹಬ್ಬಿ, ಯಾವ ಹಕ್ಕಿಗಳಿಗಾಗಿ ನಿಷೇಧ ಬಂದಿತ್ತೋ ಅವುಗಳ ಜಾಗವೇ ಕುಗ್ಗಿತು.

ಹತ್ತಿರದ ಉದಾಹರಣೆ ಭದ್ರಾ. 2001–02ರ ಸುಮಾರಿಗೆ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ಎಂ.ಸಿ. ಹಳ್ಳಿ ಮತ್ತು ಕೆಳಗೂರಿನಲ್ಲಿ ನೆಲೆಸಿದವು. ಅವರ ಜೊತೆ ದನವೂ ಹೊರಗೆ ಬಂತು, ಗದ್ದೆ ಅಲ್ಲೇ ಉಳಿಯಿತು. ಮುತ್ತೋಡಿ ಕಡೆ ಹೋದವರು ಆ ಬಯಲುಗಳನ್ನು ನೋಡಿರುತ್ತೀರಿ. ಇಪ್ಪತ್ತು ವರ್ಷ ಕಳೆದರೂ ಗದ್ದೆಯ ಮಟ್ಟಗಳು ಹಲವು ಕಡೆ ಹಾಗೆಯೇ ಕಾಣುತ್ತವೆ. ದಟ್ಟ ಕಾಡಿನ ನಡುವೆ ಇದ್ದೂ, ಬೀಜಕ್ಕೆ ಬರವಿಲ್ಲದಿದ್ದೂ ಅವೆಲ್ಲ ಕಾಡಾಗಿ ಮುಚ್ಚಿಲ್ಲ. ಸಂಜೆ ನೋಡಿದರೆ ಕಾಟಿ, ಜಿಂಕೆ, ಕಡವೆ ಅಲ್ಲಿ ಮೇಯುತ್ತಿರುತ್ತವೆ. ಮೇಯುವುದು ನಿಂತಿಲ್ಲ, ಮೇಯುವವರು ಬದಲಾಗಿದ್ದಾರೆ ಅಷ್ಟೇ. ಅದನ್ನು ಯಾರೂ ಸೋಲು ಎನ್ನುವುದಿಲ್ಲ. ಆ ಹುಲ್ಲಿನಿಂದ ಕಾಟಿ, ಕಾಟಿಯಿಂದ ಹುಲಿ. ಕಡೂರು, ಅಜ್ಜಂಪುರದ ಅಮೃತಮಹಲ್ ಕಾವಲುಗಳೂ ಹಾಗೆಯೇ. ಹುಲ್ಲೇ ಅಲ್ಲಿನ ಸಂಪತ್ತು, ಕೃಷ್ಣಮೃಗಕ್ಕೂ ದನಕ್ಕೂ. ಅಲ್ಲಿ ಮರವಿಲ್ಲ ಎಂದು ಕಣ್ಣೀರು ಹಾಕಿ ಗುಂಡಿ ತೋಡುವವರನ್ನು ತಡೆಯಬೇಕು.

ಹಾಗಾದರೆ ಏನು ಮಾಡಬೇಕು? ದನ ಬೇಕೋ ಬೇಡವೋ ಎಂಬ ಪ್ರಶ್ನೆ ನನಗೆ ಈಗ ಸಣ್ಣದಾಗಿ ಕಾಣುತ್ತದೆ. ದೊಡ್ಡ ಪ್ರಶ್ನೆ, ದನದ ಹಿಂದೆ ಯಾರಿದ್ದಾರೆ ಎಂಬುದು. ನಾನು ಹುಡುಗನಾಗಿದ್ದಾಗ ನಮ್ಮೂರಿನ ದನ ಕಾಯುವವನ ಕೈಯಲ್ಲಿ ಒಂದು ಕೋಲು, ಹೆಗಲ ಮೇಲೆ ಕಂಬಳಿ. ಯಾವ ತಿಂಗಳು ಯಾವ ಬ್ಯಾಣ (ಹುಲ್ಲಿನ ಬಯಲು), ಯಾವ ಗದ್ದೆಗೆ ಕೊಯ್ಲಾದ ಎಷ್ಟು ದಿನಕ್ಕೆ ಇಳಿಸಬೇಕು, ಯಾವ ಮರದ ಕೆಳಗೆ ಮಲಗಿಸಬೇಕು ಎಲ್ಲ ಅವನ ತಲೆಯಲ್ಲಿತ್ತು. ತಪ್ಪಿ ಬೇರೆಯವರ ಪೈರಿಗೆ ಬಿದ್ದ ದನ ದೊಡ್ಡಿ ಸೇರುತ್ತಿತ್ತು. ಇಂದು ಊರಿನಲ್ಲಿ ದನ ಕಡಿಮೆಯಾಗಿದೆ, ಕಾಯುವವನು ಪೂರ್ತಿ ಇಲ್ಲವಾಗಿದ್ದಾನೆ. ಹಾಲು ಕೊಡುವ ಹಸು ಕೊಟ್ಟಿಗೆಯಲ್ಲಿ, ಬೇಡದ ಹೋರಿಗರು ಬೀದಿಯಲ್ಲಿ. ಹಾಗೆ ಬಿಟ್ಟ ನಾಲ್ಕು ದನ ವರ್ಷವಿಡೀ ಒಂದೇ ಹಡ್ಲಿನಲ್ಲಿ, ಒಂದೇ ನೆರಳಿನಲ್ಲಿ ಬಿದ್ದಿರುತ್ತವೆ. ಹಿಂದಿನ ನಲವತ್ತು ದನದ ಹಿಂಡು ಮಾಡದ ಕೆಡುಕನ್ನು ಈ ನಾಲ್ಕು ಮಾಡುತ್ತವೆ.

ಕಾಡು ಬರಲಿ ಎಂದು ಮನಸ್ಸಿರುವವರು ಮೊದಲ ಎರಡು ಮೂರು ವರ್ಷ ಮಳೆಗಾಲದಲ್ಲಿ ದನವನ್ನು ಪೂರ್ತಿ ಹೊರಗಿಡಿ. ನೆಲ ಒದ್ದೆಯಿರುತ್ತದೆ, ಸಸಿ ಎಳಸು. ಮಳೆ ಹಿಂದೆಗೆದು ನೆಲ ಗಟ್ಟಿಯಾದ ಮೇಲೆ, ಹುಲ್ಲು ಒಣಗಿ ಕಡ್ಡಿಯಾಗುವ ಮೊದಲು ಕೆಲವು ವಾರ ಇಳಿಸಿ ಮೇಯಿಸಿ, ಹಿಂದೆ ಒಬ್ಬರು ಇರಲಿ. ಬದುವಿನ ಮರದ ಸುತ್ತ ಮಾತ್ರ ವರ್ಷವಿಡೀ ಮುಳ್ಳು ಕವಿಸಿಡಿ, ಇಡೀ ಗದ್ದೆಗೆ ಬೇಲಿ ಹಾಕುವ ದುಡ್ಡಿನಲ್ಲಿ ಹತ್ತು ಮರಕ್ಕೆ ಹಾಕಬಹುದು. ದನಕ್ಕೆ ಮಲಗಲು ಬೇರೆ ನೆರಳು ತೋರಿಸಿ. ಮೇವು ಸಾಲದಿದ್ದರೆ ಕುಡುಗೋಲಿನಿಂದ ಕೊಯ್ದು ಹೊತ್ತುಕೊಂಡು ಹೋಗಿ, ಕುಡುಗೋಲಿಗೆ ಗೊರಸಿಲ್ಲ, ಸಸಿಯನ್ನು ಕಂಡರೆ ಬಿಟ್ಟು ಕೊಯ್ಯುವ ಕಣ್ಣೂ ಅದರ ಹಿಂದೆ ಇರುತ್ತದೆ. ಗಿಡ ಆಳೆತ್ತರ ದಾಟಿದ ಮೇಲೆ ದನದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಯುವಕರು ಆಡು ಸಾಕಿದರೆ ಹೇಗೆ ಎಂದು ಕೇಳಿದರು. ಲಂಟಾನದ ಆಸೆಗೆ ಆಡನ್ನು ತರಬೇಡಿ, ಅದು ಲಂಟಾನ ಬಿಟ್ಟು ಉಳಿದದ್ದನ್ನೆಲ್ಲ ಮುಗಿಸುತ್ತದೆ ಎಂದೆ.

ಆಮೇಲೆ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬ ತಾಯಿ ಎದ್ದು ನಿಂತರು. ಹೊನ್ನೆ ಬೇರು ಅವರ ಕೈಗೆ ತಲುಪಿತ್ತು, ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಮಾತನಾಡಿದರು. ಅವರದ್ದು ಮೂರು ಎಕರೆ ಗದ್ದೆ, ಆರು ವರ್ಷದಿಂದ ಹಡ್ಲು. ಮಗ ಊರಿನಲ್ಲಿಲ್ಲ. "ನೀವು ಕಾಡು ಬರುವ ದಾರಿ ಹೇಳಿದಿರಿ. ನನಗೆ ಕಾಡು ಬರದಿರುವ ದಾರಿ ಬೇಕು. ಗದ್ದೆ ಬೆಳೆದು ಪೊದೆಯಾದರೆ ಹಗಲು ಹೊತ್ತು ಆನೆ ಅದರಲ್ಲೇ ನಿಲ್ಲುತ್ತದೆ. ಗದ್ದೆಯಿಂದ ನಮ್ಮ ಮನೆಯ ಬಾಗಿಲಿಗೆ ನೂರು ಹೆಜ್ಜೆ ಕೂಡ ಇಲ್ಲ," ಎಂದರು.

ಸಭೆ ನಕ್ಕಿತು, ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. ಹತ್ತು ನಿಮಿಷದಿಂದ ನಾನು ಬೇಡ ಬೇಡ ಎಂದು ಹೇಳಿದ್ದನ್ನೆಲ್ಲ ತಿರುಗಿಸಿ ಅವರಿಗೆ ಹೇಳಬೇಕಾಯಿತು: ಎರಡು ದನ ಕಟ್ಟಿ, ಮಳೆಗಾಲದಲ್ಲೂ ಬಿಡಿ, ಬದುವಿನ ಮರದ ಕೆಳಗೇ ಮಲಗಲಿ. ಅವರು ಕೇಳಿಸಿಕೊಂಡು, ಬೇರನ್ನು ಪಕ್ಕದವರಿಗೆ ದಾಟಿಸಿ, "ಎರಡು ದನ ಕಾಯುವವರು ಯಾರು?" ಎಂದು ಕೇಳಿ ಕುಳಿತರು.